ಮಿರಜದ ತಂಬೂರಿ ಕಲಿಸುವ ವಸ್ತುಪಾಠ

ಶಾಲೆಯಲ್ಲಿ ಕಾರ್ಯಾನುಭವದ ಪ್ರಾಜೆಕ್ಟ್ ಕೊಟ್ಟರೆ ನಮ್ಮ ಮಕ್ಕಳು ಸೀದಾ ಅಂಗಡಿಗೆ ಹೋಗಿ ಥರ್ಮೊಕೋಲ್ ತರುತ್ತಾರೆ. ಮನೆ ಮಾಡಲಿ, ಸೇತುವೆ ಮಾಡಲಿ, ಎಲ್ಲಕ್ಕೂ ಅದೇ. ಯಾವ ಕೆಲಸಕ್ಕೆ ಯಾವ ವಸ್ತು, ಏಕೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕಲು ಸಾಂಗಲಿ, ಮಿರಜದವರಾದ ನಾವು ದೂರ ಹೋಗಬೇಕಾಗಿಲ್ಲ. ಮಿರಜದಲ್ಲಿ ಸಿತಾರ್ ಮತ್ತು ತಂಬೂರಿ ಮಾಡುವವರ ಕೆಲಸವನ್ನು ಅರ್ಧ ದಿನ ಕುಳಿತು ನೋಡಿದರೆ ಸಾಕು.

ಈ ಕಸುಬು ಇಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದಿದೆ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ಇದನ್ನು ಆರಂಭಿಸಿದರೆಂದು ಹೇಳುತ್ತಾರೆ. ಕತ್ತಿಗೆ ಗಿರಾಕಿ ಕಡಿಮೆಯಾದಾಗ ಅದೇ ಕೈಗಳು ವಾದ್ಯಕ್ಕೆ ತಿರುಗಿದವು. ಮುಂದೆ ಉಸ್ತಾದ್ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿದರು. ಅವರು 1937ರಲ್ಲಿ ತೀರಿಕೊಂಡರು. ಅವರ ಸಮಾಧಿ ಇಲ್ಲಿಯ ದರ್ಗಾದಲ್ಲಿಯೇ ಇದೆ. ನಮ್ಮ ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. 2024ರಲ್ಲಿ ಮಿರಜದ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆಯಿತು.

ಈಗ ತಂಬೂರಿಯನ್ನು ಒಂದೊಂದು ಭಾಗವಾಗಿ ನೋಡೋಣ. ಮೊದಲು ಕೆಳಗಿನ ಬುರುಡೆ. ಇದು ಕಹಿ ಸೋರೆಯ ಜಾತಿಯ ದೊಡ್ಡ ಕಾಯಿ. ಪಂಢರಪುರ, ಮಂಗಳವೇಢೆ ಕಡೆಯ ಹೊಲಗಳಿಂದ ಬರುತ್ತದೆ. ಬಲಿತು ಒಣಗಿದಾಗ ಇದರ ಸಿಪ್ಪೆ ಗಟ್ಟಿ, ತೂಕ ಹಗುರ, ಒಳಗೆಲ್ಲ ಪೊಳ್ಳು. ಹಗುರವಾಗಿಯೂ ಬಿರುಸಾಗಿಯೂ ಇರುವ ವಸ್ತು ತಂತಿಯ ಕಂಪನವನ್ನು ನುಂಗುವುದಿಲ್ಲ, ಹೊರಗೆ ಕೊಡುತ್ತದೆ. ನೀರಿನಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಆಗ ಒಳಗಿನ ತಿರುಳು ಕೆರೆದು, ಬಾಯಿಗೆ ಕಡ್ಡಿ ಕೊಟ್ಟು ಹಿಗ್ಗಿಸಿ, ಮತ್ತೆ ಒಣಗಿಸುತ್ತಾರೆ. ದೋಷವೂ ಇದೆ: ಪೆಟ್ಟು ಬಿದ್ದರೆ ಮಡಕೆಯಂತೆ ಒಡೆಯುತ್ತದೆ.

ದಂಡಿಗೆಗೂ ಮೇಲಿನ ಹಲಗೆಗೂ ತುನ್ ಎಂಬ ಕೆಂಪು ಮರ. ಇದಕ್ಕೆ ಕನ್ನಡದಲ್ಲಿ ಗಂಧಗರಿಗೆ ಎನ್ನುತ್ತಾರೆ. ಹಗುರ, ಉಳಿಗೆ ಸುಲಭವಾಗಿ ಬಗ್ಗುತ್ತದೆ, ಚೆನ್ನಾಗಿ ಒಣಗಿದರೆ ಸೊಟ್ಟಗಾಗುವುದು ಕಡಿಮೆ. ಯಾವ ಮರವೇ ಆಗಲಿ, ಒಣಗುವಾಗ ನಾರಿನ ಉದ್ದಕ್ಕೆ ತೀರ ಕಡಿಮೆ ಕುಗ್ಗುತ್ತದೆ, ಅಡ್ಡಕ್ಕೆ ಹೆಚ್ಚು ಕುಗ್ಗುತ್ತದೆ. ಆದ್ದರಿಂದ ದಂಡಿಗೆಯ ಉದ್ದಕ್ಕೇ ನಾರು ಬರುವಂತೆ ಕೊಯ್ಯುತ್ತಾರೆ. ತಂತಿಗಳ ಎಳೆತ ತಡೆಯುವ ಬಲವೂ ಆ ದಿಕ್ಕಿನಲ್ಲಿಯೇ ಇರುತ್ತದೆ.

ತಂತಿಗಳು ಕೂರುವ ಕುದುರೆಗೆ ಬೇರೆ ಗುಣ ಬೇಕು. ಅದು ಗಟ್ಟಿಯಾಗಿರಬೇಕು, ಆದರೆ ಅರಕ್ಕೆ ಸಿಗಬೇಕು. ಅದರ ಮೇಲ್ಮೈಗೆ ಬಲು ಸೂಕ್ಷ್ಮವಾದ ಇಳಿಜಾರು ಕೊಟ್ಟಾಗ ತಂತಿ ಸವರಿಕೊಂಡು ಮಿಡಿಯುತ್ತದೆ, ನಾದ ತುಂಬಿ ಬರುತ್ತದೆ. ಇದಕ್ಕೆ ಜವಾರಿ ಎಂದು ಹೆಸರು. ನಮ್ಮ ಜವಾರಿ ಜೋಳದ ಜವಾರಿ ಅಲ್ಲ! ತಂತಿ ತಿಕ್ಕಿ ತಿಕ್ಕಿ ಅಲ್ಲಿ ಗೀರು ಬಿದ್ದರೆ ನಾದ ಕೆಡುತ್ತದೆ, ಮತ್ತೆ ಅರ ಹಾಕಬೇಕು. ಹಿಂದೆ ಆನೆಯ ದಂತ, ಸಾರಂಗದ ಕೊಂಬು ಬಳಸುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಮತ್ತು ಅದರ ಮುಂದಿನ ತಿದ್ದುಪಡಿಗಳಿಂದ ಅವು ಹೋದವು. ಈಗ ಒಂಟೆಯ ಮೂಳೆ, ಕರಿಮರ, ಕೃತಕ ವಸ್ತುಗಳು ಬಂದಿವೆ. ಒಂದೊಂದರ ನಾದ ಒಂದೊಂದು ತರ. ಕೊನೆಗೆ ತಂತಿಯ ಕೆಳಗೆ ಒಂದು ಹತ್ತಿಯ ನೂಲು ಸಿಕ್ಕಿಸುತ್ತಾರೆ. ಅದಕ್ಕೆ ಜೀವಾ ಎನ್ನುತ್ತಾರೆ. ಅಷ್ಟು ಅಗ್ಗದ ನೂಲು ಒಂದು ಕೂದಲೆಳೆ ಸರಿದರೂ ನಾದ ಬದಲಾಗುತ್ತದೆ.

ತಂತಿಗಳಲ್ಲಿ ಉಕ್ಕು ತೆಳ್ಳಗಿದ್ದರೂ ಬಿಗಿತ ತಡೆಯುತ್ತದೆ, ಅದಕ್ಕೇ ನಡುವಿನ ಎರಡು ಷಡ್ಜದ ತಂತಿಗಳು ಉಕ್ಕಿನವು. ಮಂದ್ರ ಷಡ್ಜಕ್ಕೆ ದಪ್ಪನೆಯ ಹಿತ್ತಾಳೆ ಅಥವಾ ಕಂಚಿನ ತಂತಿ. ಉದ್ದ, ಬಿಗಿತ ಒಂದೇ ಆದರೂ ಭಾರದ ತಂತಿ ನಿಧಾನ ಕಂಪಿಸುತ್ತದೆ, ಸ್ವರ ಕೆಳಗಿಳಿಯುತ್ತದೆ. ಇನ್ನು ಅಂಟು. ಪ್ರಾಣಿಗಳ ಚರ್ಮ ಕುದಿಸಿ ಮಾಡುವ ಹಳೆಯ ಅಂಟು ಬಿಸಿನೀರು, ಹಬೆಗೆ ಬಿಡುತ್ತದೆ. ಅದು ದೋಷವೆಂದು ತೋರಬಹುದು. ಆದರೆ ವಾದ್ಯವನ್ನು ಬಿಚ್ಚಿ ರಿಪೇರಿ ಮಾಡುವವನಿಗೆ ಅದೇ ವರ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಾದ್ದರಿಂದ ಇನ್ನೊಂದು ಮಾತು ಹೇಳಲೇಬೇಕು. ಬುರುಡೆ, ಮರ ಒಣಗಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೇಕು. ಲೆಕ್ಕದ ಪುಸ್ತಕಕ್ಕೆ ಅದು ಸುಮ್ಮನೆ ಕುಳಿತ ಹಣ, ಬಡ್ಡಿ ಮಾತ್ರ ಓಡುತ್ತಿರುತ್ತದೆ. ಮೊಬೈಲಿನಲ್ಲಿಯೇ ತಂಬೂರಿ ನುಡಿಯುವ ಈ ಕಾಲದಲ್ಲಿ ಗಿರಾಕಿಯೂ ಕಡಿಮೆ. ಅವಸರಕ್ಕೆ ಹಸಿ ಮರ ಹಾಕಿದರೆ ಮಾರುವ ದಿನ ಗೊತ್ತಾಗುವುದಿಲ್ಲ, ಎರಡು ಬೇಸಿಗೆ ಕಳೆದ ಮೇಲೆ ಬಿರುಕು ಬಿಡುತ್ತದೆ. ಕಾಯುವ ಕಾಲವನ್ನೂ ಬೆಲೆಯಲ್ಲಿ ಸೇರಿಸಿ ಕೊಡುವ ಗಿರಾಕಿ ಇದ್ದರೆ ಮಾತ್ರ ಈ ಕಸುಬು ಮುಂದಿನ ತಲೆಮಾರಿಗೆ ಉಳಿದೀತು.

ನಿಮ್ಮ ಮಕ್ಕಳಿಗೆ ಒಂದು ಸಣ್ಣ ಪ್ರಯೋಗ ಹೇಳಿಕೊಡಿ. ಮುಚ್ಚಳವಿಲ್ಲದ ಒಂದೇ ಅಳತೆಯ ಮೂರು ಡಬ್ಬಿಗಳು: ಒಂದು ತೆಳು ಕಟ್ಟಿಗೆಯದು, ಒಂದು ತಗಡಿನದು, ಒಂದು ಥರ್ಮೊಕೋಲಿನದು. ಮೂರಕ್ಕೂ ಒಂದೇ ತರದ ರಬ್ಬರ್ ಬ್ಯಾಂಡ್ ಬಿಗಿದು ಮೀಟಲಿ. ನಾದ ಎಷ್ಟು ಹೊತ್ತು ನಿಲ್ಲುತ್ತದೆ ಕೇಳಲಿ. ಉಗುರಿನಿಂದ ಗೀಚಿ ನೋಡಲಿ. ಒಂದೊಂದು ಚೂರನ್ನು ರಾತ್ರಿ ನೀರಿನಲ್ಲಿಟ್ಟು ಬೆಳಿಗ್ಗೆ ತೂಗಲಿ. ಕಂಡದ್ದನ್ನೆಲ್ಲ ವಹಿಯಲ್ಲಿ ಬರೆದಿಟ್ಟು, ಆಮೇಲೆ ಪ್ರಾಜೆಕ್ಟಿಗೆ ಯಾವ ವಸ್ತು ಬೇಕೆಂದು ಅವರೇ ತೀರ್ಮಾನಿಸಲಿ.