ಆಂಪ್ಲಿಫೈಯರಿನ ಬೆಲೆ ಮತ್ತು ನಮ್ಮ ಕಿವಿ

ನಮ್ಮ ಗಡಿಭಾಗದ ಹಳ್ಳಿಗಳಲ್ಲಿ ಆಂಪ್ಲಿಫೈಯರ್ ಎಂದೊಡನೆ ಜನರ ಕಣ್ಣ ಮುಂದೆ ನಿಲ್ಲುವುದು ಗಣೇಶನ ಮೆರವಣಿಗೆಯ ‘ಡಾಲ್ಬಿ’; ಗಾಡಿಯ ಮೇಲೆ ಗೋಡೆಯಂತೆ ಪೇರಿಸಿದ ಪೆಟ್ಟಿಗೆಗಳು, ಎದೆ ನಡುಗಿಸುವ ಸದ್ದು. ಈ ಹೆಸರಿನಲ್ಲೊಂದು ವಿನೋದವಿದೆ. ರೇ ಡಾಲ್ಬಿ ಎಂಬ ಅಮೆರಿಕದ ಇಂಜಿನಿಯರು ೧೯೬೫ರಲ್ಲಿ ಲಂಡನ್ನಿನಲ್ಲಿ ಸಂಸ್ಥೆ ಕಟ್ಟಿ ಹೆಸರಾದದ್ದು, ಧ್ವನಿಮುದ್ರಣದ ಟೇಪಿನಲ್ಲಿ ಸುಯ್ಯೆನ್ನುವ ಗದ್ದಲವನ್ನು ತಗ್ಗಿಸುವ ಉಪಾಯ ಕಂಡುಹಿಡಿದುದರಿಂದ. ಗದ್ದಲ ತಗ್ಗಿಸಿದವನ ಹೆಸರನ್ನು ನಾವು ಗದ್ದಲಕ್ಕೇ ಇಟ್ಟುಬಿಟ್ಟೆವು! ಅದಿರಲಿ. ನಾನು ಬರೆಯಹೊರಟಿರುವುದು ಬೀದಿಯ ಯಂತ್ರವನ್ನು ಕುರಿತಲ್ಲ. ಮನೆಯಲ್ಲಿ ಕುಳಿತು ಸಂಗೀತ ಕೇಳಲೆಂದು ಲಕ್ಷಗಟ್ಟಲೆ ಬೆಲೆಗೆ ಮಾರುವ ಸ್ಟೀರಿಯೋ ಪವರ್ ಆಂಪ್ಲಿಫೈಯರನ್ನು ಕುರಿತು.

ಕಲಾ ವಿಭಾಗದ ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಕೊಗನೊಳ್ಳಿಯ ನಮ್ಮ ಓಣಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯವರ ಧ್ವನಿಮುದ್ರಿಕೆಗಳೇ ಅವರ ಆಸ್ತಿ. ನಿವೃತ್ತಿಯಿಂದ ಬಂದ ಹಣದಲ್ಲಿ ಮೂರು ಲಕ್ಷವನ್ನು ಒಂದು ವಿದೇಶೀ ಆಂಪ್ಲಿಫೈಯರಿಗೆ ಹಾಕಲು ಅವರು ಸಿದ್ಧರಾಗಿದ್ದರು. “ನೀನು ಕಾಲೇಜು ಕಲಿತವ, ನೋಡಿ ಹೇಳು” ಎಂದು ನನಗೆ ಅಂದರು. ಚಿಕ್ಕ ಹಿಡುವಳಿಯ ತಂಬಾಕಿನ ರೈತನಿಗೆ ಅದು ವರ್ಷದ ದುಡಿಮೆಗಿಂತ ಹೆಚ್ಚಿನ ಮೊತ್ತ. ಬಾಯಿಗೆ ಬಂದುದನ್ನು ಹೇಳುವಂತಿರಲಿಲ್ಲ.

ಮೊದಲು ಈ ಯಂತ್ರದ ಕೆಲಸವೇನೆಂಬುದನ್ನು ತಿಳಿಯಬೇಕು. ಧ್ವನಿಮುದ್ರಿಕೆಯಿಂದ ಬರುವ ವಿದ್ಯುತ್ ಸಂಕೇತವು ಬಹು ಕ್ಷೀಣವಾದುದು, ಒಂದು ವೋಲ್ಟಿನ ಆಸುಪಾಸಿನದು. ಅದರ ರೂಪ ಕೆಡಿಸದೆ ಇಪ್ಪತ್ತು ಮೂವತ್ತು ಪಟ್ಟು ಹಿಗ್ಗಿಸಿ, ಸ್ಪೀಕರನ್ನು ಅಲುಗಿಸುವಷ್ಟು ಕಸುವು ಕೊಡುವುದೇ ಅದರ ಕರ್ತವ್ಯ. ತನ್ನದೆಂಬುದನ್ನು ಏನೂ ಸೇರಿಸದ ಯಂತ್ರವೇ ಉತ್ತಮ ಯಂತ್ರ. ಮಾರುವವರು “ಇದರ ದನಿ ಜೇನಿನಂತಿದೆ” ಎಂದಾಗ, ಆ ಜೇನು ಮನಸೂರರ ಕಂಠದ್ದೋ ಪೆಟ್ಟಿಗೆಯದೋ ಎಂದು ಕೇಳಬೇಕಾಗುತ್ತದೆ.

ಇನ್ನು ವ್ಯಾಟಿನ ಲೆಕ್ಕ. ಸಾಮಾನ್ಯ ಸ್ಪೀಕರೊಂದು ಒಂದು ವ್ಯಾಟಿಗೆ ಒಂದು ಮೀಟರು ದೂರದಲ್ಲಿ ೮೮ ಡೆಸಿಬೆಲ್ ಸದ್ದು ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಮೂರು ಮೀಟರು ದೂರದ ಕುರ್ಚಿಗೆ ಅದು ಕಡಮೆಯೆಂದರೂ ೮೦ ಡೆಸಿಬೆಲ್ಲಾಗಿ ಮುಟ್ಟುತ್ತದೆ. ಆಲಾಪಕ್ಕೆ ೭೦ ಸಾಕು. ಎಂದರೆ ಒಂದು ವ್ಯಾಟಿನ ಹತ್ತನೆಯ ಒಂದು ಪಾಲು. ತಾನಿನ ಭರದಲ್ಲಿ ಸದ್ದು ಇಪ್ಪತ್ತು ಡೆಸಿಬೆಲ್ ಜಿಗಿದರೂ ಹತ್ತು ವ್ಯಾಟಿನಲ್ಲಿ ಮುಗಿಯಿತು. ವ್ಯಾಟನ್ನು ಇಮ್ಮಡಿ ಮಾಡಿದರೆ ಏರುವುದು ಕೇವಲ ಮೂರು ಡೆಸಿಬೆಲ್. ಸದ್ದು ಇಮ್ಮಡಿಯಾಯಿತೆಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟು ಬೇಕು. ನೂರು ವ್ಯಾಟಿನದಕ್ಕೂ ಇನ್ನೂರು ವ್ಯಾಟಿನದಕ್ಕೂ ಬೆಲೆಯಲ್ಲಿರುವ ಅಂತರ ಕಿವಿಗೆ ಅಷ್ಟಾಗಿ ತಲಪುವುದಿಲ್ಲ. ನಿಶ್ಶಬ್ದತೆಯ ಅಂಕಿಯೂ ಹಾಗೆಯೇ. ಯಂತ್ರದ ಸ್ವಂತ ಗದ್ದಲ ಅದರ ಪೂರ್ಣ ಸದ್ದಿಗಿಂತ ೧೦೦ ಡೆಸಿಬೆಲ್ ಕೆಳಗಿದ್ದರೆ, ಮೇಲಿನ ಕುರ್ಚಿಯಲ್ಲಿ ಕುಳಿತವನಿಗೆ ಅದು ಕೇಳುವುದೇ ಇಲ್ಲ. ೧೨೦ ಎಂದು ಅಚ್ಚು ಹಾಕಿ ಹೆಚ್ಚು ಹಣ ಕೇಳುವವರಿದ್ದಾರೆ. ಹೆದ್ದಾರಿಯ ಲಾರಿಗಳ ಮೊರೆತ ರಾತ್ರಿಯಿಡೀ ಕೇಳುವ ನಮ್ಮೂರಿನಲ್ಲಿ ಆ ಇಪ್ಪತ್ತನ್ನು ಯಾರು ಅನುಭವಿಸಿಯಾರು?

ಹಾಗೆಂದು ಎಲ್ಲ ಯಂತ್ರಗಳೂ ಒಂದೇ ಎನ್ನಲಾಗದು. ಎಂಟು ಓಮ್ ಎಂದು ಬರೆದ ಸ್ಪೀಕರು ಕೆಲವು ಸ್ವರಗಳಲ್ಲಿ ನಾಲ್ಕಕ್ಕೂ ಕೆಳಗೆ ಇಳಿಯಬಹುದು. ಆಗ ಬೇಕಾಗುವ ಹೆಚ್ಚಿನ ವಿದ್ಯುತ್ತನ್ನು ಕೊಡಲು ದಪ್ಪ ಟ್ರಾನ್ಸ್‌ಫಾರ್ಮರೂ ಒಳ್ಳೆಯ ಶಾಖಹಾರಿಯೂ ಬೇಕು. ದುಬಾರಿ ಯಂತ್ರದ ಬೆಲೆಯಲ್ಲಿ ನ್ಯಾಯವಾದ ಭಾಗ ಇದೇ. ಹಳ್ಳಿಯ ವೋಲ್ಟೇಜಿನ ಮಾತೂ ಇದೆ. ೨೩೦ ಇರಬೇಕಾದದ್ದು ೧೯೦ಕ್ಕೆ ಇಳಿದರೆ, ಸಾಮಾನ್ಯ ಬಗೆಯ ಯಂತ್ರದ ನೂರು ವ್ಯಾಟು ಅರವತ್ತೆಂಟರಷ್ಟಾಗುತ್ತದೆ.

ಎಲ್ಲಕ್ಕಿಂತ ನನಗೆ ಸ್ವಾರಸ್ಯವೆನಿಸಿದ್ದು ತಂಬೂರಿಯ ಪರೀಕ್ಷೆ. ತಂಬೂರಿಗೆ ಹೆಸರಾದ ಮೀರಜ್ ನಮ್ಮ ನೆರೆಯಲ್ಲೇ ಇರುವುದರಿಂದ ಈ ಉದಾಹರಣೆ ಸಹಜವಾಗಿಯೇ ಹೊಳೆಯಿತು. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತದ್ದು. ಯಂತ್ರದೊಳಗೆ ಅದನ್ನು ನೇರ ವಿದ್ಯುತ್ತನ್ನಾಗಿ ಮಾಡುವಾಗ ೧೦೦ ಕಂಪನದ ‘ಗುಂಯ್’ ಹುಟ್ಟುತ್ತದೆ. ಕೆಪ್ಯಾಸಿಟರುಗಳು ಅದನ್ನು ನುಂಗಬೇಕು. ಹಳತಾಗಿ ಒಣಗಿದ ಕೆಪ್ಯಾಸಿಟರು ನುಂಗಲಾರದು. ಈಗ ಗಂಡು ಗಾಯಕರು ಹಲವರು ಹಿಡಿಯುವ ಕರಿ ಒಂದರ ಷಡ್ಜವನ್ನು ನೋಡಿ: ಸುಮಾರು ೧೩೯ ಕಂಪನ. ಅದರ ಕೆಳಗಿನ ಪಂಚಮ ೧೦೪. ಯಂತ್ರದ ೧೦೦ ಈ ೧೦೪ರ ಪಕ್ಕದಲ್ಲೇ ಕುಳಿತು, ಸೆಕೆಂಡಿಗೆ ನಾಲ್ಕು ಸಲ ಏರಿಳಿಯುವ ಅಪಶ್ರುತಿಯ ನಡುಕವನ್ನು ಉಂಟುಮಾಡುತ್ತದೆ. ಬೇರೆ ಸಂಗೀತದಲ್ಲಿ ಮುಚ್ಚಿಹೋಗಬಹುದಾದ ದೋಷವು ತಂಬೂರಿಯ ಒಂಟಿ ನಾದದಲ್ಲಿ ಬಯಲಾಗುತ್ತದೆ. ಶಿಕ್ಷಕರ ಹಳೆಯ ಅರವತ್ತು ವ್ಯಾಟಿನ ಯಂತ್ರದಲ್ಲಿ ಇದೇ ಆಗಿತ್ತು. “ಪಂಚಮ ಯಾಕೋ ನಡುಗತೈತಿ” ಎಂದು ಅವರು ವರ್ಷದಿಂದ ಹೇಳುತ್ತಿದ್ದರು. ನಿಪ್ಪಾಣಿಯ ರೇಡಿಯೋ ರಿಪೇರಿಯವನೊಬ್ಬ ಎರಡು ಕೆಪ್ಯಾಸಿಟರು ಬದಲಿಸಿಕೊಟ್ಟ. ಖರ್ಚು ಸಾವಿರ ರೂಪಾಯಿಯೊಳಗೆ ಮುಗಿಯಿತು.

ಉಳಿದದ್ದು ಹೋಲಿಕೆಯ ಪ್ರಶ್ನೆ. ಇಲ್ಲಿ ಕಿವಿಗಿಂತ ಕಣ್ಣೇ ದೊಡ್ಡ ಶತ್ರು. ಅಮೆರಿಕದ ‘ಸ್ಟೀರಿಯೋ ರಿವ್ಯೂ’ ಪತ್ರಿಕೆ ೧೯೮೭ರ ಜನವರಿ ಸಂಚಿಕೆಯಲ್ಲಿ ಇಂಥದೊಂದು ಪರೀಕ್ಷೆಯನ್ನು ಪ್ರಕಟಿಸಿತು. ಇನ್ನೂರು ಚಿಲ್ಲರೆ ಡಾಲರಿನದರಿಂದ ಹಿಡಿದು ಹನ್ನೆರಡು ಸಾವಿರ ಡಾಲರಿನದರವರೆಗೆ ಆಂಪ್ಲಿಫೈಯರುಗಳನ್ನಿಟ್ಟು, ಸದ್ದನ್ನು ಸಮಗೊಳಿಸಿ, ಯಾವುದು ನುಡಿಯುತ್ತಿದೆಯೆಂದು ತಿಳಿಸದೆ ಕೇಳಿಸಿದರು. ಕೇಳುಗರ ಉತ್ತರಗಳು ಒಟ್ಟಿನಲ್ಲಿ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಮೇಲಾಗಿರಲಿಲ್ಲ.

ಸದ್ದನ್ನು ಸಮಗೊಳಿಸುವುದೇ ಇದರ ಗುಟ್ಟು. ಒಂದು ಯಂತ್ರ ತುಸುವೇ ಗಟ್ಟಿಯಾಗಿ ನುಡಿದರೂ ನಮಗೆ ಅದು ‘ಗಟ್ಟಿ’ ಎನ್ನಿಸದೆ ‘ಚೆನ್ನ’ ಎನ್ನಿಸುತ್ತದೆ. ಅಂಗಡಿಯವರು ಇದನ್ನು ಬಲ್ಲರು. ಆದ್ದರಿಂದ ಒಂದೇ ಸ್ವರವನ್ನು ನುಡಿಸಿ ಸ್ಪೀಕರಿನ ತಂತಿಗೆ ಮೀಟರು ಹಿಡಿದು ನೋಡಬೇಕು, ಒಂದರಲ್ಲಿ ೨.೦೦ ವೋಲ್ಟ್ ಬಂದರೆ ಇನ್ನೊಂದು ೨.೦೨ನ್ನು ಮೀರಬಾರದು. ತರುವಾಯ ನಡುವೆ ಪರದೆ ಕಟ್ಟಿ, ನಾಣ್ಯ ಚಿಮ್ಮಿ ಯಂತ್ರವನ್ನು ಆರಿಸಿ, ಹದಿನಾರು ಸಲ ಕೇಳಿಸಬೇಕು. ಹದಿನಾರರಲ್ಲಿ ಹನ್ನೆರಡು ಅಥವಾ ಹೆಚ್ಚು ಸಲ ಬರೀ ಊಹೆಯಿಂದ ಸರಿ ಹೇಳುವ ಸಂಭವ ನೂರಕ್ಕೆ ನಾಲ್ಕು ಮಾತ್ರ. ಅಷ್ಟು ಸರಿಯಾದರೆ ಭೇದವಿದೆಯೆಂದು ಒಪ್ಪಬಹುದು.

ವ್ಯಾಪಾರಿ ಒಂದು ವಾರಕ್ಕೆಂದು ಹೊಸ ಯಂತ್ರವನ್ನು ಮನೆಗೆ ಕೊಟ್ಟಿದ್ದ, ಒಳ್ಳೆಯ ಮನುಷ್ಯ. ಪರದೆಯಾಗಿ ಒಂದು ಹಳೆಯ ಧೋತರವನ್ನು ಕಟ್ಟಿದೆವು. ದುರಸ್ತಿಯಾದ ಹಳೆಯದಕ್ಕೂ ಮೂರು ಲಕ್ಷದ ಹೊಸದಕ್ಕೂ ನಡುವೆ ಶಿಕ್ಷಕರು ಹದಿನಾರರಲ್ಲಿ ಒಂಬತ್ತು ಸಲ ಸರಿ ಹೇಳಿದರು, ನಾನು ಏಳು ಸಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೆಂಪು ದೀಪ ಹತ್ತಿದಾಗ ಎಷ್ಟು ಚಂದ ಕೇಳತಿತ್ತಲ್ಲೋ!” ಎಂದರು. ಯಂತ್ರ ಹಿಂದಿರುಗಿತು. ಈಗ ಅವರು ಸ್ಪೀಕರುಗಳನ್ನು ಗೋಡೆಯ ಮೂಲೆಯಿಂದ ಗೇಣು ಗೇಣಾಗಿ ಮುಂದಕ್ಕೆ ಸರಿಸಿ ಕೇಳುತ್ತಿದ್ದಾರೆ. ಆ ಭೇದವು ಧೋತರದ ಹಿಂದಿನಿಂದಲೂ ನಮ್ಮಿಬ್ಬರಿಗೂ ಗೊತ್ತಾಗುತ್ತದೆ.