ಬೇಸಿಗೆಯಲ್ಲಿ ಕಂಪ್ಯೂಟರ್ ತಾನಾಗಿ ಆಫ್ ಆಗ್ತಿದೆಯೇ? ಮೊದಲು ಡಬ್ಬ ತೆಗೆದು ನೋಡಿ

ಜುಲೈ ತಿಂಗಳ ಕೊನೆ. ನಮ್ಮ ಆಫೀಸಿನಲ್ಲಿ ಸಂಬಳದ ಫೈಲ್ ತಯಾರಾಗಬೇಕಿತ್ತು. ಕತಾರಿನಲ್ಲಿ 2015ರಿಂದ ಕಂಪನಿಗಳು ಸಂಬಳವನ್ನು ವೇಜ್ ಪ್ರೊಟೆಕ್ಷನ್ ಸಿಸ್ಟಮ್ ಪ್ರಕಾರ ಬ್ಯಾಂಕ್ ಮೂಲಕವೇ ಹಾಕಬೇಕು, ಅದೂ ಸಂಬಳದ ದಿನ ದಾಟಿ ಏಳು ದಿನದೊಳಗೆ. ನಮಗೆ ಉಳಿದಿದ್ದು ಒಂದೇ ದಿನ. ಸಂಜೆ ಆರಕ್ಕೆ ಕಟ್ಟಡದ ಎಸಿ ಬಂದ್ ಆಯಿತು. ಏಳೂವರೆಗೆ ನನ್ನ ಡೆಸ್ಕ್‌ಟಾಪ್ ಟಕ್ಕಂತ ಆಫ್. ಮತ್ತೆ ಆನ್ ಮಾಡಿದೆ, ಹತ್ತು ನಿಮಿಷ ಓಡಿತು, ಮತ್ತೆ ಆಫ್. ಊರಿಗೆ ಹಣ ಕಳಿಸಲು ಕಾಯುತ್ತಿರುವ ಹುಡುಗರ ಮುಖ ಕಣ್ಣ ಮುಂದೆ ಬಂತು.

ನಿಜ ಹೇಳಬೇಕೆಂದರೆ ಆ ಯಂತ್ರ ಒಂದು ತಿಂಗಳಿಂದ ಸೂಚನೆ ಕೊಡ್ತಾನೇ ಇತ್ತು. ಮಧ್ಯಾಹ್ನ ನಿಧಾನ, ಫ್ಯಾನಿನ ಗುಂಯ್ ಸದ್ದು, ಆಗೊಮ್ಮೆ ಈಗೊಮ್ಮೆ ಆಫ್. ಒಬ್ಬರು ವೈರಸ್ ಅಂದರು, ವಿಂಡೋಸ್ ಹೊಸದಾಗಿ ಹಾಕಿಸಿದೆವು. ಇನ್ನೊಬ್ಬರು ಪವರ್ ಸಪ್ಲೈ ಅಂದರು, ಅದನ್ನೂ ಬದಲಿಸಿದೆವು. ಡಬ್ಬದ ಪಕ್ಕದ ಮುಚ್ಚಳ ತೆಗೆದು ಒಳಗೆ ಇಣುಕಿದವರು ಮಾತ್ರ ಯಾರೂ ಇಲ್ಲ, ನಾನೂ ಸೇರಿ. ಅವತ್ತು ರಾತ್ರಿ ಬೇರೆ ದಾರಿ ಇಲ್ಲದೆ ತೆಗೆದೆ. ಪ್ರೊಸೆಸರ್ ಮೇಲಿನ ಫ್ಯಾನಿನ ಕೆಳಗೆ ಅಲ್ಯೂಮಿನಿಯಂ ರೆಕ್ಕೆಗಳು ಇರುತ್ತವಲ್ಲ, ಅದರ ಮೇಲೆ ಕಂಬಳಿ ಹೊದೆಸಿದ ಹಾಗೆ ಬೂದು ಬಣ್ಣದ ಧೂಳು. ಫ್ಯಾನ್ ತಿರುಗುತ್ತಿತ್ತು, ಆದರೆ ಗಾಳಿ ಒಳಗೆ ಹೋಗಲು ಜಾಗವೇ ಇರಲಿಲ್ಲ.

ಲೆಕ್ಕ ಸರಳ. ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರಿನ ರೇಟಿಂಗ್ 65 ವಾಟ್ ಎಂದಿರುತ್ತದೆ, ಜೋರು ಕೆಲಸ ಬಂದರೆ ಅದಕ್ಕಿಂತ ಹೆಚ್ಚೂ ಎಳೆಯುತ್ತದೆ. ಹಿಂದೆ ಊರಲ್ಲಿ ಉರಿಸುತ್ತಿದ್ದ 60 ವಾಟಿನ ಬಲ್ಬ್ ನೆನಪಿಸಿಕೊಳ್ಳಿ, ಕೈ ಮುಟ್ಟಿದರೆ ಸುಡುತ್ತಿತ್ತು. ಅಷ್ಟೇ ಶಾಖ ಇಲ್ಲಿ ಉಗುರಿನಷ್ಟು ಅಗಲದ ಚಿಪ್ಪಿನಿಂದ ಹೊರಡುತ್ತದೆ. ಅದು ಪೇಸ್ಟ್ ದಾಟಿ ಲೋಹದ ರೆಕ್ಕೆಗೆ, ರೆಕ್ಕೆಯಿಂದ ಫ್ಯಾನಿನ ಗಾಳಿಗೆ, ಆ ಗಾಳಿಯಿಂದ ಕೋಣೆಗೆ ಹೋಗಬೇಕು. ಹಾಗಾಗಿ ಮಾಮೂಲಿ ಫ್ಯಾನ್ ಇರುವ ಪ್ರೊಸೆಸರ್ ಕೋಣೆಯ ಗಾಳಿಗಿಂತ ತಣ್ಣಗಾಗಲು ಸಾಧ್ಯವೇ ಇಲ್ಲ. ಕೋಣೆಯ ಶಾಖವೇ ಓಪನಿಂಗ್ ಬ್ಯಾಲೆನ್ಸ್, ಉಳಿದದ್ದೆಲ್ಲ ಅದರ ಮೇಲೆ ಕೂಡುತ್ತಾ ಹೋಗುತ್ತದೆ.

ಕೆಲಸದ ಹೊತ್ತಿನಲ್ಲಿ ನಿಮ್ಮ ಪ್ರೊಸೆಸರ್ ಕೋಣೆಗಿಂತ 40 ಡಿಗ್ರಿ ಹೆಚ್ಚು ಬಿಸಿ ಇರುತ್ತದೆ ಅಂತ ಇಟ್ಟುಕೊಳ್ಳಿ. ಎಸಿ ಇದ್ದು ಕೋಣೆ 24 ಇದ್ದರೆ 64. ತೊಂದರೆ ಇಲ್ಲ. ಎಸಿ ನಿಂತು ಕೋಣೆ 38ಕ್ಕೆ ಏರಿದರೆ 78. ಆಗಲೂ ಬದುಕುತ್ತದೆ. ಆದರೆ ಧೂಳು ತುಂಬಿ ಆ 40 ಎಂಬುದು 65 ಆಗಿದ್ದರೆ? 103. ಇಂಟೆಲ್‌ನ ಹೆಚ್ಚಿನ ಡೆಸ್ಕ್‌ಟಾಪ್ ಚಿಪ್‌ಗಳ ಮಿತಿ 100ರ ಆಸುಪಾಸು, ಎಎಂಡಿಯ ರೈಜನ್ 7000 ಸರಣಿಯ ಹೆಚ್ಚಿನವುಗಳದ್ದು 95. ಮಿತಿ ಮುಟ್ಟಿದ ಕೂಡಲೇ ಚಿಪ್ ತಾನೇ ವೇಗ ಇಳಿಸುತ್ತದೆ. ಮಧ್ಯಾಹ್ನ ಕಂಪ್ಯೂಟರ್ ನಿಧಾನ ಆಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಅದಕ್ಕೂ ಬಗ್ಗದಿದ್ದರೆ ಸುಟ್ಟುಹೋಗುವ ಬದಲು ಆಫ್ ಆಗುತ್ತದೆ. ಹೊರಗೆ ಬಿಸಿಲಲ್ಲಿ ದುಡಿಯುವ ನಮ್ಮವರಿಗೆ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಕೆಲಸ ನಿಲ್ಲಿಸಬೇಕು ಎಂಬ ನಿಯಮ ಇದೆ. ಯಂತ್ರ ತನ್ನ ನಿಯಮವನ್ನು ತಾನೇ ಪಾಲಿಸುತ್ತದೆ, ನಾವು ಅದನ್ನು ಬೈಯುತ್ತೇವೆ.

ನಿಮ್ಮದು ಎಷ್ಟಿದೆ ಎಂದು ನೋಡಲು ದುಡ್ಡು ಬೇಡ. ಕೋರ್ ಟೆಂಪ್, ಎಚ್‌ಡಬ್ಲ್ಯು ಮಾನಿಟರ್ ಅಂತ ಉಚಿತ ಪ್ರೋಗ್ರಾಂ ಇವೆ. ಸುಮ್ಮನೆ ಇದ್ದಾಗ 35ರಿಂದ 50, ಕೆಲಸ ಮಾಡುವಾಗ 80ರ ಒಳಗೆ ಇದ್ದರೆ ನೆಮ್ಮದಿಯಿಂದ ಇರಿ. ಮಾಮೂಲಿ ಕೆಲಸಕ್ಕೇ 90 ದಾಟಿ ನಿಲ್ಲುತ್ತಿದ್ದರೆ ಮುಚ್ಚಳ ತೆಗೆಯುವ ಸಮಯ ಬಂದಿದೆ.

ಕತಾರಿನ ಧೂಳು ಬೇರೆಯೇ ಜಾತಿಯದ್ದು. ಬೇಸಿಗೆಯ ಆರಂಭದಲ್ಲಿ ವಾಯುವ್ಯದಿಂದ ಬೀಸುವ ಶಮಾಲ್ ಗಾಳಿ ತರುವ ಮರಳಿನ ಪುಡಿ ಎಷ್ಟು ನಯ ಎಂದರೆ ಕಿಟಕಿ ಮುಚ್ಚಿದ್ದರೂ ಮೇಜಿನ ಮೇಲೆ ಬೆರಳಿನಲ್ಲಿ ಹೆಸರು ಬರೆಯಬಹುದು. ಬ್ಯಾಚುಲರ್ ರೂಮುಗಳಲ್ಲಿ ಇದಕ್ಕೆ ಮೀನು ಹುರಿದ ಎಣ್ಣೆಯ ಹೊಗೆ ಸೇರುತ್ತದೆ. ಒಣ ಧೂಳು ಊದಿದರೆ ಹೋಗುತ್ತದೆ, ಎಣ್ಣೆ ಹತ್ತಿದ್ದು ಅಂಟಿ ಕೂರುತ್ತದೆ, ಅದಕ್ಕೆ ಬ್ರಷ್ಷೇ ಬೇಕು. ಊರಲ್ಲಿ ವರ್ಷಕ್ಕೊಮ್ಮೆ ಸಾಕಾಗುತ್ತಿದ್ದ ಕ್ಲೀನಿಂಗ್ ಇಲ್ಲಿ ಮೂರು ನಾಲ್ಕು ತಿಂಗಳಿಗೊಮ್ಮೆ ಬೇಕು ಎಂಬುದು ನನ್ನ ಅನುಭವ.

ಕ್ಲೀನ್ ಮಾಡುವಾಗ ಪ್ಲಗ್ ಪೂರ್ತಿ ತೆಗೆಯಿರಿ, ಆಮೇಲೆ ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಬಾಲ್ಕನಿಗೆ ಒಯ್ದು ಬ್ಲೋವರ್ ಅಥವಾ ಗಾಳಿಯ ಕ್ಯಾನಿನಿಂದ ಊದಿ. ಆಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಂಡಿರಬೇಕು. ಇಲ್ಲದಿದ್ದರೆ ಅಳತೆ ಮೀರಿ ತಿರುಗಿ ಬೇರಿಂಗ್ ಹಾಳು. ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಒಳಗೆ ತೂರಿಸಬೇಡಿ, ಸ್ಟ್ಯಾಟಿಕ್ ವಿದ್ಯುತ್ತಿನ ಭಯ ಇದೆ.

ಇಷ್ಟಾದರೂ ಬಿಸಿ ಇಳಿಯದಿದ್ದರೆ ಪೇಸ್ಟ್ ಒಣಗಿರಬಹುದು. ಚಿಪ್ಪಿಗೂ ಕೂಲರಿಗೂ ನಡುವಿನ ಸಣ್ಣ ಸಂದುಗಳಲ್ಲಿ ಗಾಳಿ ಉಳಿಯದಂತೆ ಮಾಡುವುದು ಪೇಸ್ಟಿನ ಕೆಲಸ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸದು ಹಾಕಿದರೆ ಸಾಕು. ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ದಪ್ಪ ಹಾಕಿದರೆ ಲಾಭ ಏನೂ ಇಲ್ಲ. ಇಂಟೆಲ್ ಜೊತೆ ಬರುವ ಹಳೇ ಮಾದರಿ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಕಾಲುಗಳು. ಮೂಲೆಯಿಂದ ಎದುರು ಮೂಲೆಗೆ, ಟಕ್ ಎನ್ನುವ ತನಕ ಒತ್ತಬೇಕು. ಒಂದು ಕಾಲು ಕೂರದಿದ್ದರೂ ಕೂಲರ್ ವಾಲಿ ನಿಲ್ಲುತ್ತದೆ, ಮೊದಲಿಗಿಂತ ಹೆಚ್ಚು ಬಿಸಿ. ಪಿನ್ ಇರುವ ಎಎಂಡಿ ಚಿಪ್ಪಾದರೆ ಕೂಲರನ್ನು ನೇರ ಎಳೆಯಬೇಡಿ, ಒಣಗಿದ ಪೇಸ್ಟಿಗೆ ಅಂಟಿ ಪ್ರೊಸೆಸರೇ ಕಿತ್ತು ಬರುತ್ತದೆ, ಪಿನ್ ಬಗ್ಗುತ್ತದೆ. ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ ಮೆತ್ತಗಾದ ಮೇಲೆ ಪ್ಲಗ್ ತೆಗೆದು, ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸಿ ಬಿಡಿಸಿ. ಕೈ ನಡುಗುವವರು ಅಂಗಡಿಗೆ ಕೊಡಿ, ನಾಚಿಕೆ ಏನಿಲ್ಲ.

ಜಾಗದ ವಿಷಯ. ಆಫೀಸ್ ಮೇಜಿನ ಕೆಳಗಿನ ಮರದ ಗೂಡಿನಲ್ಲಿ ಸಿಪಿಯು ಇಡುವುದು ನೋಡಲು ಚಂದ, ಆದರೆ ಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಹಿಂಬದಿಗೆ ಒಂದು ಗೇಣು ಜಾಗ ಬಿಡಿ, ಕಾರ್ಪೆಟ್ ಮೇಲಿಂದ ಎತ್ತಿ ಇಡಿ, ಪಶ್ಚಿಮದ ಕಿಟಕಿಯ ಬಿಸಿಲಿನಿಂದ ದೂರ ಸರಿಸಿ. ಬೇಸಿಗೆಗೆ ಇನ್ನೊಂದು ಉಪಾಯ: ವಿಂಡೋಸಿನ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು 100ರಿಂದ 99ಕ್ಕೆ ಇಳಿಸಿದರೆ ಹೆಚ್ಚಿನ ಯಂತ್ರಗಳಲ್ಲಿ ಟರ್ಬೊ ನಿಲ್ಲುತ್ತದೆ, ಶಾಖ ಇಳಿಯುತ್ತದೆ. ಟ್ಯಾಲಿಗೂ ಎಕ್ಸೆಲಿಗೂ ಅದರಿಂದ ಏನೂ ಕೊರತೆ ಕಾಣುವುದಿಲ್ಲ. ವಾಟರ್ ಕೂಲಿಂಗ್ ಎಲ್ಲ ಗೇಮ್ ಆಡುವ ಮಕ್ಕಳಿಗೆ, ನಮಗೆ ಬೇಡ.

ಅವತ್ತು ರಾತ್ರಿ ನಾನು ಪೇಂಟ್ ಬ್ರಷ್‌ನಿಂದ ಧೂಳು ಕೆರೆದು, ಮುಚ್ಚಳ ತೆಗೆದಿಟ್ಟು, ಎದುರಿಗೆ ಟೇಬಲ್ ಫ್ಯಾನ್ ಹಚ್ಚಿದೆ. ಹನ್ನೊಂದಕ್ಕೆ ಫೈಲ್ ಮುಗಿಯಿತು, ಮರುದಿನ ಬ್ಯಾಂಕಿಗೆ ಹೋಯಿತು. ಒಂದು ರಾತ್ರಿಗೆ ಈ ಉಪಾಯ ಸರಿ. ಮುಚ್ಚಳ ತೆಗೆದೇ ತಿಂಗಳುಗಟ್ಟಲೆ ಓಡಿಸುವವರನ್ನು ನೋಡಿದ್ದೇನೆ, ಧೂಳು ಎರಡರಷ್ಟು ಸೇರುತ್ತದೆ ಅಷ್ಟೆ.

ಫೈನಲ್ ಎಕ್ಸಿಟ್ ಮೇಲೆ ಊರಿಗೆ ಹೋಗುವವರ ಹತ್ತಿರ ಕಡಿಮೆ ರೇಟಿಗೆ ಡೆಸ್ಕ್‌ಟಾಪ್ ಕೊಳ್ಳುವವರು ನಮ್ಮಲ್ಲಿ ಬಹಳ. ಕೊಳ್ಳುವ ಮೊದಲು ಹದಿನೈದು ನಿಮಿಷ ವೀಡಿಯೊ ಓಡಿಸಿ ಟೆಂಪರೇಚರ್ ನೋಡಿ, ಮುಚ್ಚಳ ತೆಗೆದು ತೋರಿಸಲು ಹೇಳಿ. ಒಳಗೆ ಧೂಳಿನ ಕಂಬಳಿ ಕಂಡರೆ ಬೇಡ ಅನ್ನಬೇಕಿಲ್ಲ. ಕ್ಲೀನಿಂಗಿನ ಖರ್ಚು ಕಳೆದು ರೇಟ್ ಕೇಳಿ.