ಕಲ್ಲು ನಮ್ಮೂರದ್ದೇ, ರೇಟು ಮೂರು ಥರದ್ದು

ಶಹಾಬಾದ್ ಸುತ್ತಿನ ಗಣಿಗಳಲ್ಲಿ ಕಲ್ಲು ಪದರುಪದರಾಗಿಯೇ ಹುಟ್ಟಿದೆ. ಉಳಿ ಇಟ್ಟು ಹದವಾಗಿ ಬಡಿದರೆ ಬೂದುಬಣ್ಣದ ಹಾಸು ತಾನಾಗಿ ಬಿಡಿಸಿಕೊಂಡು ಬರುತ್ತದೆ. ಪಾಲಿಶ್ ಮಷೀನುಗಳಿಂದ ಹರಿದ ಹಾಲಿನಂಥ ನೀರು ಚರಂಡಿಯಲ್ಲಿ ಒಣಗಿ ಬಿಳಿ ಕೆಸರಾಗಿರುತ್ತದೆ. ಒರಗಿಸಿಟ್ಟ ಫರ್ಸಿಗಳಲ್ಲಿ ಎರಡಡಿ ಚೌಕದವು, ಮೂರಡಿಗೆ ಎರಡಡಿಯವು, ಒರಟಾದವು, ಮುಖ ನೋಡಿಕೊಳ್ಳುವಷ್ಟು ಹೊಳೆಯುವವು, ಎಲ್ಲವೂ ಇವೆ. ಮುಂಬೈ, ಪುಣೆಯ ಹಳೆಯ ಮನೆಗಳ ನೆಲದಲ್ಲಿ ಕೂತಿರುವುದೂ ಇದೇ ಶಹಾಬಾದಿ ಕಲ್ಲು.

ಸಿಮೆಂಟಿಗೂ ಇಲ್ಲಿ ಬರವಿಲ್ಲ. ವಾಡಿಯಲ್ಲಿ ಎಸಿಸಿ, ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ, ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ ಓರಿಯಂಟ್, ಚಿಂಚೋಳಿ ತಾಲ್ಲೂಕಿನಲ್ಲಿ ಚೆಟ್ಟಿನಾಡ್. ಮಾಲೀಕರು, ಬೋರ್ಡುಗಳು ಬದಲಾದರೂ ಜನರ ಬಾಯಲ್ಲಿ ಹಳೆಯ ಹೆಸರುಗಳೇ ಓಡಾಡುತ್ತವೆ. ಕಾಲಡಿಯಲ್ಲಿ ಕಲ್ಲು, ಹಿತ್ತಲಲ್ಲಿ ಸಿಮೆಂಟು. ಅಂದಮೇಲೆ ಮನೆ ದುರಸ್ತಿಯ ಲೆಕ್ಕ ಸರಳವಾಗಿರಬೇಕಿತ್ತು. ಆದರೆ ಒಂದೇ ಖೋಲಿಯ ನೆಲಕ್ಕೆ ಮೂವರು ಗೌಂಡಿಗಳನ್ನು ಕರೆದು ಕೇಳಿ ನೋಡಿ. ಮೂರು ರೇಟು ಬರುತ್ತವೆ.

ಸೇಡಂನ ಯಾವುದಾದರೂ ಹಳೆಯ ಓಣಿಗೆ ಬನ್ನಿ. ಬೆಳಗಿನ ಹೊತ್ತು. ಗೌಂಡಿ ಚಪ್ಪಲಿ ಬಿಟ್ಟು ಒಳಬರುತ್ತಾನೆ. ಮೊದಲು ಮಾತಿಲ್ಲ. ಕುಕ್ಕರಗಾಲಲ್ಲಿ ಕೂತು, ಕರಣಿಯ ಹಿಡಿಯಿಂದ ಒಂದೊಂದೇ ಫರ್ಸಿಯನ್ನು ಕುಟ್ಟುತ್ತ ಹೋಗುತ್ತಾನೆ. ಗಟ್ಟಿ ಕೂತಲ್ಲಿ ‘ಠಣ್’, ಕೆಳಗೆ ಪೊಳ್ಳಾದಲ್ಲಿ ‘ಡಬ್’. ನಾಲ್ಕು ಕಡೆ ‘ಡಬ್’ ಕೇಳಿದ ಮೇಲೆ ತಲೆ ಎತ್ತುತ್ತಾನೆ.

“ಕಾಕಾ, ಇದು ಎಲ್ಲಾ ಕಿತ್ತಬೇಕ್ರಿ.”

“ಅದು ಗೊತ್ತದ ತಮ್ಮಾ. ಎಷ್ಟಾಗ್ತದ, ಅಂದಾಜ್ ಹೇಳು.”

“ಹೇಳ್ತೀನ್ರಿ. ಮಾಲ್ ನಿಮ್ದೋ, ನಮ್ದೋ?”

ಎಲ್ಲ ಲೆಕ್ಕದ ಕೀಲಿ ಈ ಪ್ರಶ್ನೆಯಲ್ಲಿದೆ. ಮೊದಲನೆಯವನು ಬರೀ ಮಜೂರಿ ಹೇಳುತ್ತಾನೆ, ಬ್ರಾಸಿಗೆ ಇಷ್ಟು ಎಂದು. ಎರಡನೆಯವನು ಕಲ್ಲು, ಸಿಮೆಂಟು, ಉಸುಕು ಎಲ್ಲ ತನ್ನದೆಂದು ಗುತ್ತಿಗೆ ಮಾತಾಡುತ್ತಾನೆ. ಮೂರನೆಯವನು “ರೋಜಿನ ಮ್ಯಾಲೆ ಮಾಡೋಣ್ರಿ” ಅನ್ನುತ್ತಾನೆ. ಮನೆಯಾಕೆ ಒಳಗಿನಿಂದಲೇ, “ಆ ಕಡಿಗಿನಾಂವ ಸೋವಿ ಅದಾನ” ಎನ್ನುತ್ತಾಳೆ. ಸೋವಿ ಹೌದು. ಆದರೆ ಮೂವರೂ ಹೇಳಿದ್ದು ಮೂರು ಬೇರೆ ಬೇರೆ ಕೆಲಸದ ರೇಟು.

ಹತ್ತು ಅಡಿಗೆ ಹನ್ನೆರಡಡಿಯ ಖೋಲಿ ಎಂದಿಟ್ಟುಕೊಳ್ಳಿ. ನೆಲ 120 ಚದರಡಿ. ನೂರು ಚದರಡಿಗೆ ಒಂದು ಬ್ರಾಸ್ ಎಂದರೆ ಒಂದು ಬ್ರಾಸು, ಮೇಲೆ ಇಪ್ಪತ್ತಡಿ. ಇಷ್ಟನ್ನು ಎಲ್ಲರೂ ಅಳೆಯುತ್ತಾರೆ. ಗೋಡೆಯ ಬುಡಕ್ಕೆ ಹಚ್ಚುವ ಸ್ಕರ್ಟಿಂಗ್ ಪಟ್ಟಿ? ಸುತ್ತಳತೆ 44 ಅಡಿ. ಮೂರಡಿಯ ಬಾಗಿಲು ಕಳೆದರೆ 41 ರನ್ನಿಂಗ್ ಫೂಟು. ಒಬ್ಬ ಅದನ್ನು ಸೇರಿಸಿರುತ್ತಾನೆ, ಇನ್ನೊಬ್ಬ “ಅದು ಬ್ಯಾರೆ” ಎಂದು ಕಡೆಗೆ ಹೇಳುತ್ತಾನೆ. ಕಲ್ಲಿನ ಕೆಳಗೆ ಎರಡಿಂಚಿನ ಮಸಾಲೆ ಹಾಸಿದರೆ 20 ಘನ ಅಡಿ. ನೆಲ ಕುಸಿದು ನಾಲ್ಕಿಂಚು ತುಂಬಬೇಕಾದರೆ ಅದರ ಎರಡು ಪಟ್ಟು. ಕಿತ್ತ ಕಲ್ಲುಮಣ್ಣನ್ನು ಊರ ಹೊರಗೆ ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ ಯಾರ ತಲೆಗೆ? ಜಗಳ ಹುಟ್ಟುವುದು ಯಾರೂ ಬಾಯಿಬಿಟ್ಟು ಹೇಳದ ಇಂಥ ಸಣ್ಣ ಬಾಬುಗಳಲ್ಲಿ. ಫರ್ಸಿಯ ದರ ಪಾಪ, ಎಲ್ಲರಿಗೂ ಗೊತ್ತಿರುವಂಥದೇ.

ಕೈಗೆಲಸದ ದರ ಹಾಗಲ್ಲ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ, 1874ರಲ್ಲಿ ರೈಲು ಹರಿಯಿತು. ಚಿತ್ತಾಪುರ, ಸೇಡಂ ಎರಡೂ ಅದೇ ಹಳಿಯ ಮೇಲಿವೆ. ಕಲ್ಲು, ಸಿಮೆಂಟು ಹೊತ್ತು ಹೋಗುವ ಹಳಿ ಗೌಂಡಿಗಳನ್ನೂ ಹೊತ್ತು ಹೋಗುತ್ತದೆ. ಹೈದರಾಬಾದಿನಲ್ಲಿ ದಿನಗೂಲಿ ಏರಿದರೆ ಸೇಡಂನಲ್ಲೂ ಏರಿತೆಂದೇ ಲೆಕ್ಕ. ಚಿಂಚೋಳಿ ಕಡೆಯ ತಾಂಡಾಗಳಿಂದ ದುಡಿಯುವ ಕೈಗಳು ಮುಂಬೈ, ಪುಣೆಗೆ ಹೋಗುತ್ತವೆ. ತೊಗರಿ ಮಾರಿದ ದುಡ್ಡು ಕೈಗೆ ಬಂದು, ಮಳೆಗಾಲಕ್ಕೆ ಮುಂಚೆ ಮಾಳಿಗೆ ಸರಿಮಾಡಿಸೋಣ ಎಂದು ಊರಿಗೆ ಊರೇ ಹೊರಟಾಗ ಒಳ್ಳೆಯ ಗೌಂಡಿ ಸಿಗುವುದೇ ಕಷ್ಟ. ಆಗ ಕೇಳಿದ ರೇಟು ಬೇರೆ, ಕೆಲಸವಿಲ್ಲದ ತಿಂಗಳಲ್ಲಿ ಕೇಳಿದ ರೇಟು ಬೇರೆ.

ಚಿಂಚೋಳಿಗೆ ರೈಲಿಲ್ಲ. ಅಲ್ಲಿ ಮಾತು ಶುರುವಾಗುವುದೇ ಗಾಡಿ ಬಾಡಿಗೆಯಿಂದ. ಗಡಿಯಾಚೆಯ ತಾಂಡೂರಿನ ಕಲ್ಲೂ ಇದೇ ಜಾತಿಯ ಸುಣ್ಣಕಲ್ಲು, ದಾರಿಯೂ ಹತ್ತಿರ. ಹಾಗಾಗಿ ಮನೆಯವರು ಎರಡೂ ಕಡೆ ವಿಚಾರಿಸುತ್ತಾರೆ. ಅಂಗಡಿಯಲ್ಲಿನ ದರ ನೋಡಿ ಹಿಗ್ಗಬಾರದು. ಮನೆ ಬಾಗಿಲಿಗೆ ಇಳಿಸಿದ ಮೇಲೆ ಬ್ರಾಸಿಗೆ ಎಷ್ಟು, ದಾರಿಯಲ್ಲಿ ಒಡೆದ ಕಲ್ಲು ಯಾರ ಲೆಕ್ಕಕ್ಕೆ ಎಂದು ಕೇಳಬೇಕು.

ಬಿಸಿಲುನಾಡಿನಲ್ಲಿ ಇನ್ನೊಂದು ಪ್ರಶ್ನೆ ಇದೆ: ನೀರು ಯಾರದು? ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 42 ಡಿಗ್ರಿ ದಾಟುತ್ತದೆ. ಇಂಥ ಒಣ ಬಿಸಿಲಿನಲ್ಲಿ ಹಾಕಿದ ಕಾಂಕ್ರೀಟನ್ನು ಕನಿಷ್ಠ ಹತ್ತು ದಿನ ಹಸಿಯಾಗಿಡಬೇಕು. ಗಿಲಾವಿಗೂ ದಿನಾ ನೀರು ಕುಡಿಸಬೇಕು. ನಳ ಎಂಟು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಟ್ಯಾಂಕರ್ ತರಿಸದೆ ಬೇರೆ ದಾರಿಯಿಲ್ಲ. ಗುತ್ತಿಗೆ ಹಿಡಿದವನು “ನೀರು ನಿಮ್ದೇರಿ” ಎಂದು ಎದ್ದು ಹೋದರೆ, ಸೋವಿ ರೇಟಿನ ಗಿಲಾವು ಮುಂದಿನ ಯುಗಾದಿಯೊಳಗೆ ಸೀಳು ಬಿಡುತ್ತದೆ.

ಕಡೆಯದು ಕಲ್ಲಿನ ಸ್ವಭಾವ. ಸುಣ್ಣಕಲ್ಲಿಗೂ ಹುಳಿಗೂ ಆಗಿಬರುವುದಿಲ್ಲ. ಪಾಲಿಶ್ ಫರ್ಸಿಯ ಮೇಲೆ ಬಿದ್ದ ಲಿಂಬೆರಸದ ಹನಿಯನ್ನು ಒರೆಸದೆ ಬಿಟ್ಟರೆ ಅಷ್ಟಗಲ ಹೊಳಪು ಹೋಗಿ ಮಬ್ಬು ಕಲೆ ಉಳಿಯುತ್ತದೆ. ಕೆಲಸ ಮುಗಿದ ದಿನ ಸಿಮೆಂಟಿನ ಕಲೆ ತೆಗೆಯಲು ಅವಸರದಲ್ಲಿ ಆ್ಯಸಿಡ್ ಸುರಿದರೆ ಇಡೀ ನೆಲದ ಗತಿ ಅದೇ. ನುರಿತ ಗೌಂಡಿ ಹಸಿ ಇರುವಾಗಲೇ ಗೋಣಿತಟ್ಟಿನಿಂದ ಒರೆಸಿಬಿಡುತ್ತಾನೆ. ಹಾಸಿದ ಮೇಲೆ ಹೇಗೆ ತೊಳೆಯುತ್ತೀಯಪ್ಪ ಎಂದು ಕೇಳಿ ನೋಡಿ. ಉತ್ತರದಲ್ಲೇ ಆಳು ಎಂಥವನೆಂದು ಗೊತ್ತಾಗುತ್ತದೆ.

ತೆರಿಗೆಯನ್ನೂ ಮರೆಯಬೇಡಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಅದಕ್ಕಿಂತ ಹಿಂದಿನ ಚೀಟಿ ತೋರಿಸಿ ಮಾಲಿನ ದರ ಹೇಳುವವರಿಗೆ ಹೊಸ ಬಿಲ್ಲು ಕೇಳಬಹುದು.

ನಮ್ಮ ಕಡೆ ಮಾತೇ ಕರಾರು. “ಕಾಗದ ಯಾಕ್ರಿ, ನಂಬಿಕಿ ಇಲ್ಲೇನು?” ಎಂದರೆ ಮುಗಿಯಿತು, ಮನೆಯವರು ಸಂಕೋಚಪಟ್ಟು ಸುಮ್ಮನಾಗುತ್ತಾರೆ. ಚೀಟಿ ಬರೆಯುವುದು ಅಪನಂಬಿಕೆಯಿಂದಲ್ಲ, ಮರೆವಿನ ಭಯದಿಂದ. ಮಗನ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಮಾಲು ಯಾರದು, ಅಳತೆ ಎಷ್ಟು, ಕಲ್ಲು ಎಷ್ಟು ದಪ್ಪ, ಕೀಳುವುದು ಸಾಗಿಸುವುದು ಯಾರು, ನೀರು ಯಾರದು, ಎಷ್ಟು ದಿನ, ಮುಂಗಡ ಎಷ್ಟು ಎಂದು ಬರೆದು ಅದೇ ಹಾಳೆಯನ್ನು ಮೂವರಿಗೂ ಓದಿ ಹೇಳಿ. ಆಮೇಲೆ ರೇಟು ಕೇಳಿ. ಪೂರ್ತಿ ದುಡ್ಡು ಮುಂಚೆ ಕೊಡಬೇಡಿ, ಕೆಲಸ ಮುಗಿಸಿದವನ ದುಡ್ಡು ಒಂದು ದಿನವೂ ಹಿಡಿಯಬೇಡಿ. ಮೂವರಲ್ಲಿ ಸೋವಿ ಯಾರು, ತುಟ್ಟಿ ಯಾರು ಎಂಬುದು ಗೊತ್ತಾಗುವುದು ಮೂವರೂ ಒಂದೇ ಕೆಲಸಕ್ಕೆ ರೇಟು ಹೇಳಿದಾಗ ಮಾತ್ರ.